ಹಳೇ ದಿಮ್ಮಿಗೆ ಹೊಸ ಮುದ್ರೆ

ಮೂರು ದಿನದಿಂದ ವೆನ್ಯಾಮಿನ್ ಮೇಷ್ಟ್ರು ಗರಗಸ ಎಳೆಯುತ್ತಿರಲಿಲ್ಲ, ಗರಗಸವೇ ಅವರನ್ನು ಎಳೆದಾಡುತ್ತಿತ್ತು. ಅದರ ಇನ್ನೊಂದು ತುದಿ ಹಿಡಿದಿದ್ದ ಜಖಾರನಿಗೆ ಅದು ಚೆನ್ನಾಗಿ ಗೊತ್ತಿತ್ತು. ವೀಚೆಗ್ದಾ ನದಿಯ ಕಾಡಿನ ಈ ಕೈದಿಗಳ ಶಿಬಿರದಲ್ಲಿ ದಿನದ ಪಾಲಿನಷ್ಟು ಮರ ಕೊಯ್ಯದವನಿಗೆ ಅಂಗೈಯಷ್ಟೇ ಬ್ರೆಡ್ಡು. ಅಷ್ಟು ತಿಂದವನು ಮಾರನೆಯ ದಿನ ಇನ್ನೂ ಕಡಿಮೆ ಕೊಯ್ಯುತ್ತಾನೆ. ಈ ನಿಯಮ ಮಾಡಿದವನ ಬಾಯಿಗೆ ಮಣ್ಣು ಹಾಕ! ಇನ್ನೊಂದು ದಿನ ಹೀಗೇ ಹೋದರೆ ಮುದುಕ ಏಳುವುದಿಲ್ಲ.

“ಮೇಷ್ಟ್ರೇ, ಹೋದ ವರ್ಷದ ದಿಮ್ಮಿ ಅಲ್ಲೇ ಹಿಮದಡಿ ರಾಶಿ ಬಿದ್ದಿವೆ. ಲೆಕ್ಕಕ್ಕೆ ಹಿಡಿದು ಮುದ್ರೆ ಒತ್ತಿರೋ ತುದೀನ ಬೆರಳಗಲ ಕೊಯ್ದು ಬೆಂಕಿಗೆ ಹಾಕಿದ್ರೆ ಇವತ್ತು ಕಡಿದ ಹಾಗೇ ಕಾಣುತ್ತೆ.”

“ನಂಗೆ ಕಳ್ಳತನ ಹೇಳ್ಕೊಡ್ತೀಯೇನೋ? ಕಾಪಿ ಹೊಡೆಯೋ ಹುಡುಗರ ಕಿವಿ ಹಿಂಡಿದವನು ನಾನು.”

“ಆ ಪುಣ್ಯಕ್ಕೇ ಇಲ್ಲಿಗೆ ಬಂದಿದೀರಲ್ಲ. ಹಿಡೀರಿ ಆ ಕಡೆ!”

ಮೇಷ್ಟ್ರು ನಕ್ಕರು. ನಗುವುದಕ್ಕೂ ಅವರಿಗೆ ಸುಸ್ತಾಗುತ್ತಿತ್ತು. ಇಬ್ಬರೂ ಸಂಜೆಯೊಳಗೆ ಆ ರಾಶಿಯಿಂದಲೇ ದಿನದ ಪಾಲು ಮುಗಿಸಿದರು.

ಅಳತೆಗೆ ಬಂದ ಓಸಿಪ್ ಕೂಡ ಕೈದಿಯೇ. ಬೂದು ತೊಗಟೆಯನ್ನೂ ಬಿಳಿ ತುದಿಯನ್ನೂ ನೋಡಿದ. “ಮೈ ಮುದುಕಂದು, ಮುಖ ಮದುಮಗಂದು,” ಎಂದು ಗೊಣಗಿ, ಬೇರೇನೂ ಕೇಳದೆ ಮುದ್ರೆ ಒತ್ತಿದ. ಅಂದು ಮೇಷ್ಟ್ರಿಗೆ ಪೂರ್ತಿ ಬ್ರೆಡ್ಡು ಸಿಕ್ಕಿತು. ಅವರು ಪುಡಿಯನ್ನೂ ಬಿಡದೆ ತಿನ್ನುವುದನ್ನು ನೋಡುತ್ತ ಜಖಾರನಿಗೆ ಎಷ್ಟೋ ವರ್ಷಗಳ ಮೇಲೆ ತನ್ನ ಬಗ್ಗೆ ಹೆಮ್ಮೆಯೆನಿಸಿತು.

ಮಾರನೆಯ ಬೆಳಿಗ್ಗೆ ಯಾರೂ ನಿರೀಕ್ಷಿಸದಿದ್ದ ವೈದ್ಯೆ ಬಂದಳು. ತೀರಾ ಸೋತವರನ್ನು ಆರಿಸಿ ತಿಂಗಳ ಮಟ್ಟಿಗೆ ಆಸ್ಪತ್ರೆಯ ಗುಡಿಸಿಲಿಗೆ ಕಳಿಸುತ್ತಾರಂತೆ. ಮೇಷ್ಟ್ರ ಊದಿದ ಕಾಲನ್ನು ಒತ್ತಿ ನೋಡಿ ಅವಳು ಹೆಸರು ಬರೆದುಕೊಂಡಳು. ಪಕ್ಕದಲ್ಲಿದ್ದ ಅಧಿಕಾರಿ ನಿನ್ನೆಯ ಹಾಳೆ ತಿರುವಿದ.

“ನಿನ್ನೆ ಪೂರ್ತಿ ಪಾಲು ಮುಗಿಸಿದಾನೆ. ಇವನೆಂಥ ರೋಗಿ?”

ವೈದ್ಯೆ ಹೆಸರು ಹೊಡೆದುಹಾಕಿದಳು.

ಜಖಾರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಿಜ ಹೇಳಿದರೆ ಓಸಿಪನೂ ಸೇರಿ ಮೂವರಿಗೂ ಶಿಕ್ಷೆಯ ಕತ್ತಲಕೋಣೆ. ಅಲ್ಲಿ ಮುದುಕ ಒಂದು ದಿನವೂ ಬಾಳುವುದಿಲ್ಲ.

“ನಾನೇ ನಿಮ್ಮನ್ನ ಕೊಂದೆ ಮೇಷ್ಟ್ರೇ,” ಎಂದ, ಗೇಟಿನ ಸಾಲಿನಲ್ಲಿ.

“ಸುಮ್ನಿರೋ. ನಿನ್ನೆ ಹೊಟ್ಟೆತುಂಬ ತಿಂದು ಮಲಗಿದೆ.” ಮೇಷ್ಟ್ರು ಅವನ ತೋಳು ಹಿಡಿದುಕೊಂಡರು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದರು: “ಆ ರಾಶೀಲಿ ಇನ್ನೂ ಉಳಿದಿದೆ ಅಲ್ವೇನೋ?”

“ಇದೆ ಮೇಷ್ಟ್ರೇ, ಬೇಕಾದಷ್ಟಿದೆ,” ಎಂದು ಜಖಾರ್ ಗರಗಸವನ್ನು ತಾನೊಬ್ಬನೇ ಹೆಗಲಿಗೇರಿಸಿಕೊಂಡ.