ಉಜ್ಜದೆ ಕೂರಿಸಿದ ಫ್ರೇಮು

ಕಂಡವರ ವಿಡಿಯೋ ಗೇಮ್ ಡಬ್ಬಿಗಳನ್ನೆಲ್ಲ ಕಣ್ಮುಚ್ಚಿ ಬಿಚ್ಚಿ ಜೋಡಿಸುವ ರಿಪೇರಿ ಅಕ್ಕನಿಗೆ ತನ್ನ ತಂಗಿಯ ಡಬ್ಬಿ ಮುಟ್ಟಲು ಎಂಟು ತಿಂಗಳು ಧೈರ್ಯ ಬಂದಿರಲಿಲ್ಲ. ಜ್ವರವೆಂದು ಮಲಗಿದ ತಂಗಿ ಪುಟ್ಟಿ ಏಳಲೇ ಇಲ್ಲ. ಪುಸ್ತಕದಂತೆ ಮಡಚುವ ಆ ಡಬ್ಬಿಗೆ ಎರಡು ಪರದೆ. ಕೆಳಗಿನ ಪರದೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಿಂದ ಅವಳು ಅಮ್ಮನ ಮುಖ ಬರೆಯುತ್ತಿದ್ದಳು. ಮೂಗು ದಪ್ಪ, ಕಿವಿ ಒಂದೇ. ಇನ್ನೊಂದು ಕಿವಿ ಬರೆಯುವಷ್ಟು ಪುರಸೊತ್ತು ಸಿಗಲಿಲ್ಲ ಆ ಮಗುವಿಗೆ.

ಅಮ್ಮ ದಿನಾ ಅದನ್ನು ತೆರೆದು ಕೂರುತ್ತಿದ್ದಳು. ಮೊನ್ನೆ ಕೈಜಾರಿ ಬಿದ್ದು ಪರದೆಗಳ ಸುತ್ತಲಿನ ಫ್ರೇಮುಗಳೆರಡೂ ಸೀಳುಬಿಟ್ಟವು.

"ಹೊಸದು ಹಾಕು. ಚಿತ್ರಕ್ಕೇನಾದ್ರೂ ಆದ್ರೆ ಮತ್ತೆ ನಂಗೆ ಮುಖ ತೋರಿಸ್ಬೇಡ," ಎಂದು ಅಮ್ಮ ಅಕ್ಕನ ಅಂಗಡಿಯ ಸ್ಟೂಲಿನ ಮೇಲೆ ಕಾವಲಿಗೆ ಕೂತಳು.

ಒಂದು ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ ಎನ್ನುತ್ತೀರಿ. ಹೇಳುವುದು ಸುಲಭ ಬಿಡಿ. ದುಃಖದ ಮನೆಯಲ್ಲಿ ಯಾರಿಗೆ ಹೊಳೆಯುತ್ತದೆ ಅದೆಲ್ಲ?

ಬದಲಿ ಫ್ರೇಮುಗಳ ಒಳಅಂಚು ಯಾವಾಗಲೂ ಕೂದಲೆಳೆಯಷ್ಟು ದಪ್ಪ. ಅದನ್ನು ಸಣ್ಣ ಅರದಿಂದ ಉಜ್ಜಿ ಕೂರಿಸಬೇಕು. ಇಲ್ಲವಾದರೆ ಅಂಚು ಪರದೆಯನ್ನು ಒತ್ತುತ್ತದೆ, ಪರದೆ ಅದನ್ನೇ ಕಡ್ಡಿಯೆಂದು ನಂಬಿ ಗೆರೆ ಎಳೆಯುತ್ತದೆ. ಅಕ್ಕನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಒಡೆದ ಫ್ರೇಮು ಎತ್ತಿದಾಗ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿತು, ಪುಟ್ಟಿ ತಿಂದದ್ದು. ಬೇರೆಯವರ ಡಬ್ಬಿಯಾಗಿದ್ದರೆ ಉಫ್ ಎಂದು ಊದುತ್ತಿದ್ದಳು. ಇದನ್ನು ಊದಲಾಗಲಿಲ್ಲ. ಕಾಗದದಲ್ಲಿ ಕಟ್ಟಿಟ್ಟು, ಅದೇ ಗುಂಗಿನಲ್ಲಿ ಹೊಸ ಫ್ರೇಮುಗಳನ್ನು ಒತ್ತಿ ಕೂರಿಸಿ, ಸ್ಕ್ರೂ ತಿರುಗಿಸಿಬಿಟ್ಟಳು. ಅರ ಮೇಜಿನ ಮೇಲೇ ಉಳಿಯಿತು.

ಡಬ್ಬಿಯ ಪರದೆ ಬೆಳಗಿತು. ಚಿತ್ರ ಇದ್ದಂತೆಯೇ ಇತ್ತು. ಅಮ್ಮ ಕೈಗೆ ತೆಗೆದುಕೊಂಡಳು, ಉಸಿರು ಬಿಟ್ಟಳು. ಆಗ ಬಲಗಡೆ, ಕಿವಿ ಇಲ್ಲದ ಕಡೆ, ಒಂದು ಚುಕ್ಕೆ ಮೂಡಿತು. ಪಕ್ಕದಲ್ಲಿ ಇನ್ನೊಂದು. ಯಾರೂ ಮುಟ್ಟದೆ ಗೆರೆಯೊಂದು ನಿಧಾನವಾಗಿ ಬಾಗತೊಡಗಿತು.

"ಅಯ್ಯೋ, ನೋಡೇ! ಬರೀತಿದಾಳೆ ಕಣೇ, ಕಿವಿ ಬರೀತಿದಾಳೆ!"

ಎಂಟು ತಿಂಗಳ ಮೇಲೆ ಅಮ್ಮ ನಕ್ಕಳು. ಅಕ್ಕ ಮೇಜಿನ ಮೇಲುಳಿದ ಅರವನ್ನು ನೋಡಿದಳು. ಎಳೆದ ಗೆರೆಯನ್ನೆಲ್ಲ ಡಬ್ಬಿ ತಾನೇ ಉಳಿಸಿಕೊಳ್ಳುತ್ತದೆ. ಹೀಗೇ ಬಿಟ್ಟರೆ ಪುಟ್ಟಿಯ ಚಿತ್ರ ಹಾಳು. ನಿಲ್ಲಿಸಿದರೆ ಆ ನಗು ಹಾಳು.

"ಅಮ್ಮಾ, ಇಲ್ಲಿ ಕೊಡು. ಅದು ಅವಳಲ್ಲ, ನನ್ ತಪ್ಪು. ಫ್ರೇಮು ಉಜ್ಜಲಿಲ್ಲ ನಾನು, ಅದು ಒತ್ತುತಾ ಇದೆ."

"ಸುಮ್ನಿರೇ."

"ಚಿತ್ರ ಹೋಗ್ಬಿಡುತ್ತಮ್ಮಾ, ನಿನ್ ದಮ್ಮಯ್ಯ ಅಂತೀನಿ!"

"ಅವಳಿದ್ದಾಗಲೂ ಹಿಂಗೇ ಕಿತ್ಕೊಳ್ತಿದ್ದೆ ನೀನು. ಈಗಲಾದ್ರೂ ಬಿಡೇ ಅವಳನ್ನ!"

ಅಕ್ಕ ಸ್ಕ್ರೂಡ್ರೈವರ್ ಹಿಡಿದು ಮೇಜು ಬಳಸಿ ಬಂದಳು. ಅಮ್ಮ ಹಿಂದೆ ಸರಿದು ಗೋಡೆಗೆ ಆತುಕೊಂಡು, ತೆರೆದ ಡಬ್ಬಿಯನ್ನು ಎದೆಗೆ ಅವುಚಿಕೊಂಡಳು. ಮಗುವನ್ನು ಯಾರೋ ಎಳೆದೊಯ್ಯಲು ಬಂದಂತೆ, ಎರಡೂ ತೋಳು ಬಿಗಿದು, ಬಲವಾಗಿ. ಒಳಗೆ ಪ್ಲಾಸ್ಟಿಕ್ಕು ಕಿರಕಿರ ಎಂದದ್ದು ಅಕ್ಕನಿಗೆ ಕೇಳಿಸಿತು. ಕಿತ್ತುಕೊಳ್ಳಲು ಕೈ ಚಾಚಿದಳು, ಆಗಲಿಲ್ಲ. ನಿಂತಲ್ಲೇ ಅತ್ತುಬಿಟ್ಟಳು.

ಎಷ್ಟೋ ಹೊತ್ತಿನ ಮೇಲೆ ಅಮ್ಮ ತೋಳು ಸಡಿಲಿಸಿ ಡಬ್ಬಿಯನ್ನು ಬೆಳಕಿಗೆ ಹಿಡಿದಳು. ಎದೆಗೆ ಒತ್ತಿದ್ದಕ್ಕೆ ಗೆರೆಯ ಮೇಲೆ ಗೆರೆ ಬಿದ್ದು ಪರದೆಯಿಡೀ ಕಪ್ಪಾಗಿತ್ತು. ಮೂಗೂ ಇಲ್ಲ, ಕಿವಿಯೂ ಇಲ್ಲ, ಮುಖವೇ ಇಲ್ಲ. ಬರೆಯಲು ಬಿಳಿ ಜಾಗ ಉಳಿದಿರಲಿಲ್ಲವಾದ್ದರಿಂದ ಈಗ ಅಲ್ಲಿ ಏನೂ ಅಲುಗುತ್ತಿರಲಿಲ್ಲ.

ಅಮ್ಮ ಆ ಕಪ್ಪನ್ನು ಬೆರಳಿನಿಂದ ಸವರಿದಳು. ಆಮೇಲೆ ಡಬ್ಬಿಯನ್ನು ಮಡಚಿ ಮಗಳ ಕೈಗಿಟ್ಟಳು.

"ಮುಗಿಸಿದ್ಲು," ಎಂದಳು. "ಅಲ್ವೇನೇ?"

"ಹೂಂ ಅಮ್ಮಾ," ಎಂದಳು ಅಕ್ಕ. "ಮುಗಿಸಿದ್ಲು."