ನಾಲ್ಕನೇ ಪೆಟ್ಟಿಗೆ

ಎಡಗಡೆ ಒದ್ದೆ, ಬಲಗಡೆಯೂ ಒದ್ದೆ, ನಡುವೆ ಕಾಲಿಡಲು ಒಂದಂಗುಲ ಒಣಜಾಗ ಬಿಟ್ಟಿಲ್ಲ, ಯಾರಪ್ಪ ಇದನ್ನು ಒರೆಸಿದ್ದು, ಅರ್ಧ ಒರೆಸಿ ಅದು ಒಣಗಿದ ಮೇಲೆ ಇನ್ನರ್ಧ ಒರೆಸಬೇಕು ಅಂತ ಮೊದಲನೇ ದಿನವೇ ಹೇಳಿಕೊಡುತ್ತಾರಲ್ಲ, ಔಷಧಿಯನ್ನೂ ಧಾರಾಳವಾಗಿ ಸುರಿದಿದ್ದಾಳೆ, ಮೂಗು ಉರಿಯುತ್ತಿದೆ — ಅವಳು ಗೋಡೆಯ ಕಂಬಿ ಹಿಡಿದು ಇನ್ನೊಂದು ಹೆಜ್ಜೆ ಇಟ್ಟಳು, ಹೊಟ್ಟೆಯ ಹೊಲಿಗೆ ಚುರ್ರೆಂದಿತು, ನಿಂತಳು. ಕೊಯ್ದು ಇನ್ನೂ ಒಂದು ದಿನ ತುಂಬಿಲ್ಲ, ನಿನ್ನೆ ಊಟದ ಹೊತ್ತಿಗೆ, ದಿನ ತುಂಬಲು ಏಳು ವಾರ ಇರುವಾಗಲೇ. ಇದೇ ಕಾರಿಡಾರನ್ನು ಮೂರು ವರ್ಷ ಒರೆಸಿದವಳು, ಹೀಗೆ ಹೆದರಿ ಹೆದರಿ ನಡೆಯುವ ಬಾಣಂತಿಯರಿಗೆ ಹುಷಾರು, ಒದ್ದೆ ನೆಲ, ಅಂತ ಈ ದೇಶದ ಭಾಷೆಯಲ್ಲಿ ಕೂಗುತ್ತಿದ್ದವಳು, ಅದೇ ಅವಳು ಕಲಿತ ಮೊದಲ ಮಾತು, ಮೂರು ತಿಂಗಳು ಅದೊಂದೇ ಬಂಡವಾಳ, ಡಾಕ್ಟರು ಎದುರಾಗಿ ಹೇಗಿದ್ದೀಯಾ ಅಂದರೂ ಹುಷಾರು ಒದ್ದೆ ನೆಲ, ಲಿಫ್ಟಿನೊಳಗೂ ಒದ್ದೆ ನೆಲ, ಕೊನೆಗೆ ನರ್ಸುಗಳೆಲ್ಲ ಸೇರಿ ಅವಳಿಗೆ ಅದನ್ನೇ ಹೆಸರಿಟ್ಟುಬಿಟ್ಟರು. ನಿನ್ನೆ ಆಪರೇಷನ್ ಮೇಜಿನ ಮೇಲೆ ಮಲಗಿಸಿದಾಗಲೂ ದೊಡ್ಡ ನರ್ಸು ಮಾಸ್ಕಿನೊಳಗಿಂದ, ನಮ್ಮ ಒದ್ದೆ ನೆಲಕ್ಕೆ ಇವತ್ತು ಮಗುವಾಗುತ್ತೆ ನೋಡ್ರಪ್ಪ, ಅಂದಳು, ಎಲ್ಲರೂ ನಕ್ಕರು, ಇವಳೂ ನಕ್ಕಳು, ಆಮೇಲೆ ತುಂಬ ಹೊತ್ತು ಯಾರೂ ನಗಲಿಲ್ಲ, ಮಗುವೂ ಅಳಲಿಲ್ಲ, ಹಸಿರು ಬಟ್ಟೆಗಳ ನಡುವೆ ಒಂದು ಹಿಮ್ಮಡಿ, ನೀಲಿಗಟ್ಟಿದ ಇಷ್ಟೇ ಇಷ್ಟು ಹಿಮ್ಮಡಿ ಕಂಡಿತು, ಬಾಗಿಲು ತೆರೆಯಿತು, ಹೋಯಿತು. ಅಷ್ಟೇ ಅವಳು ಮಗಳನ್ನು ನೋಡಿದ್ದು. ಅಮ್ಮ ಫೋನಿನಲ್ಲಿ, ಯಾರ ಥರ ಇದಾಳೆ ಕಣೇ, ಮೂಗು ನಮ್ಮ ಕಡೇದಾ ಅವರ ಕಡೇದಾ ಅಂದಾಗ, ನಿಂದೇ ಮೂಗಮ್ಮ ಅಂತ ಇವಳು ಸುಳ್ಳು ಹೇಳಿದಳು, ಹಿಮ್ಮಡಿ ಬಿಟ್ಟು ಏನೂ ನೋಡಿಲ್ಲ ಅಂತ ಅಷ್ಟು ದೂರ ಕೂತ ಅಮ್ಮನಿಗೆ ಹೇಗೆ ಹೇಳುವುದು, ಈಗಾಗಲೇ ಅಲ್ಲಿ ಇಡೀ ಬೀದಿಗೆ ಮೂಗಿನ ಸುದ್ದಿ ಮುಟ್ಟಿರುತ್ತದೆ. ಗಂಡ ಬೇಕರಿಯ ಒಲೆ ಮುಂದಿನಿಂದ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದು ನೋಡಿ ಹೋದ, ಬೆಚ್ಚಗಿರಲಿ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ನಾಲ್ಕನೇ ಪೆಟ್ಟಿಗೆ ಕಣೇ, ಕಿಟಕಿ ಪಕ್ಕದ್ದು, ಚಕ್ರ ಕಿರ್ರ್ ಅನ್ನುತ್ತೆ ಅಂತಿದ್ಯಲ್ಲ, ಅದೇ, ಅಂದ, ಫೋಟೋ ತೋರಿಸಿದ, ಗಾಜಿನಲ್ಲಿ ಅವನದೇ ಗಡ್ಡ, ಅವನದೇ ಕೈ, ಹಿಂದೆಲ್ಲೋ ಒಂದು ಬಿಳಿ ಟೋಪಿ. ಮಗು ಎಲ್ರೀ ಇದರಲ್ಲಿ ಅಂದರೆ, ಇದೇ ಅಲ್ವೇನೇ, ಅಂತ ಟೋಪಿಯ ಮೇಲೆ ಬೆರಳಿಟ್ಟ. ಡಾಕ್ಟರು ನೋಡಿಕೊಂಡು ಹೋಗಲಿ, ಆಮೇಲೆ ಗಾಲಿ ಕುರ್ಚಿಯಲ್ಲಿ ನಾನೇ ಕರ್ಕೊಂಡು ಹೋಗ್ತೀನಿ ಅಂತ ಬೆಳಿಗ್ಗೆ ನರ್ಸು ಹೇಳಿದ್ದಳು, ಹತ್ತು ಗಂಟೆಯಾದರೂ ಪತ್ತೆಯಿಲ್ಲ, ಇವಳೇ ಎದ್ದು ಹೊರಟಳು, ದಾರಿ ಗೊತ್ತಿಲ್ಲವೇ, ಒಂದೊಂದು ಹಾಸುಗಲ್ಲೂ ಗೊತ್ತು.

ಕಿರ್ರ್ — ಸ್ವಲ್ಪ ಬಿಟ್ಟು ಮತ್ತೆ ಕಿರ್ರ್ — ಅವಳ ಕಿವಿಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಹಸುಗೂಸುಗಳ ವಾರ್ಡಿನ ಎಂಟು ಪೆಟ್ಟಿಗೆಗಳಲ್ಲಿ ಹಿಂದಿನ ಎಡಚಕ್ರ ಹೀಗೆ ಹಟ ಹಿಡಿಯುವುದು ಒಂದರದೇ, ತಳ್ಳಿದರೆ ಗೋಡೆ ಕಡೆಗೇ ಎಳೆಯುತ್ತದೆ, ಮೊಣಕೈ ಕೊಟ್ಟು ತಿರುಗಿಸಬೇಕು, ಅಲ್ಲಿ ಮುಂದೆ ಒಬ್ಬಳು ಮೊಣಕೈ ಕೊಟ್ಟು ತಿರುಗಿಸುತ್ತಿದ್ದಾಳೆ, ಒಬ್ಬಳೇ, ಬೆನ್ನು ಕಾಣುತ್ತಿದೆ. ಒಬ್ಬಳೇ ಯಾಕೆ ತಳ್ಳುತ್ತಿದ್ದಾಳೆ, ಒಳಗೆ ಮಗು ಇದ್ದರೆ ಒಬ್ಬರೇ ತಳ್ಳುವುದಿಲ್ಲ, ಡಾಕ್ಟರು, ನರ್ಸು, ಸಿಲಿಂಡರು, ಒಂದು ಮೆರವಣಿಗೆಯೇ ಹೊರಡುತ್ತದೆ, ಹಾಗಾದರೆ ಒಳಗೆ ಮಗು ಇಲ್ಲ, ನಾಲ್ಕನೇ ಪೆಟ್ಟಿಗೆಯಲ್ಲಿ ಮಗು ಇಲ್ಲ, ಪೆಟ್ಟಿಗೆ ಬಲಕ್ಕೆ ತಿರುಗಬೇಡ, ಬಲಕ್ಕೆ ಮಾತ್ರ ತಿರುಗಬೇಡ — ತಿರುಗಿತು. ಬಲಕ್ಕೆ ಕೊನೆಯ ಕೋಣೆ. ಮನೆಗೆ ಹೋದ ಮಗುವಿನ ಪೆಟ್ಟಿಗೆಯನ್ನು ವಾರ್ಡಿನಲ್ಲಿ ಇದ್ದಲ್ಲೇ ಒರೆಸುತ್ತಾರೆ, ಗುನುಗಿಕೊಂಡು ಒರೆಸಬಹುದು, ನರ್ಸುಗಳು ಪಕ್ಕದಲ್ಲೇ ಹರಟುತ್ತಿರುತ್ತಾರೆ, ಮನೆಗೆ ಹೋಗದ ಮಗುವಿನ ಪೆಟ್ಟಿಗೆಯನ್ನು ಕೊನೆಯ ಕೋಣೆಗೆ ತಳ್ಳಿಕೊಂಡು ಹೋಗಿ, ಬಾಗಿಲು ಹಾಕಿಕೊಂಡು ಒರೆಸುತ್ತಾರೆ, ಉಳಿದ ತಾಯಂದಿರ ಕಣ್ಣಿಗೆ ಬೀಳಬಾರದು ಅಂತ. ಇದನ್ನು ಎಲ್ಲೂ ಬರೆದು ಅಂಟಿಸಿಲ್ಲ, ಒರೆಸುವವರಿಗೆ ಮಾತ್ರ ಗೊತ್ತು, ಮೂರು ವರ್ಷದಲ್ಲಿ ಐದು ಸಲ ಅವಳೇ ಬಾಗಿಲು ಹಾಕಿಕೊಂಡಿದ್ದಾಳೆ, ಐದು, ಇವತ್ತಿಗೆ ಆರು, ಇಲ್ಲ, ಬಿಡ್ತು ಅನ್ನು, ಎಣಿಸಬೇಡ. ಯಾರೂ ಹೇಳಲಿಲ್ಲವಲ್ಲ, ನರ್ಸು ಬರಲಿಲ್ಲ, ಕುರ್ಚಿ ಬರಲಿಲ್ಲ, ಹತ್ತಾದರೂ ಬರಲಿಲ್ಲ ಅಂದರೆ ಇದಕ್ಕೇ, ಹೇಳುವುದು ಹೇಗೆ ಅಂತ ಅವರೆಲ್ಲ ಎಲ್ಲೋ ನಿಂತು ಮಾತಾಡಿಕೊಳ್ಳುತ್ತಿದ್ದಾರೆ, ಅವಳು ಕಂಬಿ ಬಿಟ್ಟಳು, ಓಡುತ್ತಿದ್ದಾಳೆಯೇ, ಹೊಲಿಗೆ ಬಿಚ್ಚಿದರೆ ಬಿಚ್ಚಲಿ, ಅಮ್ಮನಿಗೆ ಮೂಗು ನಿಂದೇ ಅಂತ ಹೇಳಿದ್ದೇನೆ, ಮುಖ ನೋಡಿಲ್ಲ, ಒಂದು ಸಲ ಮುಖ ನೋಡುತ್ತೇನೆ, ಏನೋ ಕಾಲಿಗೆ ಸಿಕ್ಕಿತು, ಏನೋ ಕಳಚಿಕೊಂಡಿತು, ತಿರುಗಿ ನೋಡಲಿಲ್ಲ.

ಬಾಗಿಲಿಗೆ ಚಿಲಕವಿಲ್ಲ, ಅವಳಿಗೆ ಗೊತ್ತು, ನೂಕಿದಳು. ತೆಳ್ಳನೆಯ ಹುಡುಗಿ, ಇವಳ ಬದಲಿಗೆ ಬಂದವಳೇ ಇರಬೇಕು, ಹಾಕಿಕೊಂಡಿರುವುದು ಇವಳದೇ ಏಪ್ರನ್ನು, ಹರಿದ ಜೇಬಿಗೆ ಇವಳೇ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದು. ಪೆಟ್ಟಿಗೆಯ ಎರಡೂ ಕಿಂಡಿಗಳು ಬಾಯಿ ಬಿಟ್ಟಿವೆ, ಒಳಗಿನ ಪುಟ್ಟ ಹಾಸಿಗೆ ಮಡಚಿ ನೆಲದ ಮೇಲಿದೆ, ಹುಡುಗಿಯ ಕೈಯಲ್ಲಿ ಹಳದಿ ಬಟ್ಟೆ. ಮಗು ಎಲ್ಲಿ, ಅಂತ ಈ ದೇಶದ ಭಾಷೆಯಲ್ಲಿ ಕೇಳಿದಳು, ಹುಡುಗಿಗೆ ಅರ್ಥವಾಗಲಿಲ್ಲ, ಅವಳೂ ಇನ್ನಾವುದೋ ದೂರದ ದೇಶದವಳು, ಮಗು ಮಗು, ಅಂತ ಕನ್ನಡದಲ್ಲೇ ಕೂಗಿದಳು, ಎರಡು ಕೈ ಜೋಡಿಸಿ ತೊಟ್ಟಿಲು ಮಾಡಿ ತೋರಿಸಿದಳು, ಹುಡುಗಿ ಇವಳ ಕೈ ನೋಡಿದಳು, ಇವಳ ಕಾಲು ನೋಡಿದಳು, ಮತ್ತೆ ಮುಖ ನೋಡಿ — ನಕ್ಕಳು. ಆ ನಗು ಅವಳಿಗೆ ಗೊತ್ತು. ಮೇಸ್ತ್ರಿ ಹೆಂಗಸು ಎಲ್ಲರಿಗೂ ಕಲಿಸುವ ನಗು, ಭಾಷೆ ಬರದಿದ್ರೆ ತೊಂದರೆಯಿಲ್ಲ, ರೋಗಿಗಳು ಏನು ಕೇಳಿದರೂ ನಗು, ಅಂತ ಎರಡು ಬೆರಳಲ್ಲಿ ತನ್ನ ತುಟಿಯನ್ನೇ ಎಳೆದು ತೋರಿಸುತ್ತಾಳೆ. ಇವಳೂ ಹೀಗೇ ನಕ್ಕಿದ್ದಳು, ಕೆಲಸಕ್ಕೆ ಸೇರಿದ ಮೂರನೇ ವಾರ, ಇದೇ ಕೋಣೆ, ಯಾಕೆ ಇಲ್ಲಿಗೆ ತಂದು ಒರೆಸುತ್ತಾರೆ ಅಂತ ಆಗ ಗೊತ್ತಿರಲಿಲ್ಲ, ಮೇಸ್ತ್ರಿ ತಳ್ಳು ಅಂದಳು, ತಳ್ಳಿದ್ದಳು. ಗಾಜಿನ ಒಳಗಡೆ ಒಂದು ಕೈಗುರುತು ಇತ್ತು, ಹುಣಸೆಬೀಜದಷ್ಟು ಅಂಗೈ, ಐದೂ ಬೆರಳು ಮೂಡಿದ್ದವು, ಮುಲಾಮಿನ ಜಿಡ್ಡು, ಒಂದು ಸಲಕ್ಕೆ ಹೋಗಲಿಲ್ಲ, ಎರಡನೇ ಸಲ ತಿಕ್ಕಿದಳು, ಹೋಯಿತು, ಆಗ ಬಾಗಿಲು ತೆರೆದುಕೊಂಡಿತು. ಆಸ್ಪತ್ರೆಯ ನಿಲುವಂಗಿ ತೊಟ್ಟ ಹೆಂಗಸು, ಹೊಟ್ಟೆ ಹಿಡಿದುಕೊಂಡಿದ್ದಳು, ಏನೋ ಕೇಳಿದಳು, ಒಂದೇ ಮಾತನ್ನು ಎರಡು ಸಲ, ಮೂರು ಸಲ ಕೇಳಿದಳು, ಇವಳು ಬಟ್ಟೆ ಹಿಡಿದುಕೊಂಡು ನಕ್ಕಳು, ಚೆನ್ನಾಗಿ, ಹಲ್ಲು ಕಾಣುವ ಹಾಗೆ ನಕ್ಕಳು, ಹುಷಾರು, ಒದ್ದೆ ನೆಲ, ಅಂತಲೂ ಅಂದಳು, ಅಷ್ಟು ಬರುತ್ತಿತ್ತು. ಆ ಹೆಂಗಸಿನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ಇನ್ನೊಂದು ಬರಿಗಾಲು. ಅವತ್ತು ಊಟಕ್ಕೆ ಕೂತಾಗ ಗಂಡನಿಗೆ ಹೇಳಿದ್ದಳು, ಒಂದೇ ಚಪ್ಪಲಿ ಹಾಕ್ಕೊಂಡು ಓಡಾಡ್ತಾಳೆ ಕಣ್ರೀ, ಸ್ವಲ್ಪ ಸಡಿಲ ಇರಬೇಕು ಪಾಪ, ಅವನು ನಕ್ಕ, ಇವಳು ಇನ್ನೊಂದು ಸೌಟು ಹಾಕಿಕೊಂಡಳು. ಈಗ ಹುಡುಗಿ ಮತ್ತೆ ಇವಳ ಕಾಲು ನೋಡುತ್ತಿದ್ದಾಳೆ, ಏನು ನೋಡುತ್ತಿದ್ದಾಳೆ ಅಂತ ಇವಳೂ ತಲೆ ಬಗ್ಗಿಸಿದಳು, ಎಡಗಾಲಲ್ಲಿ ಚಪ್ಪಲಿ ಇದೆ, ಬಲಗಾಲು ಬರಿದು, ನೆಲ ತಣ್ಣಗೆ ಕೊರೆಯುತ್ತಿದೆ.

ಅಯ್ಯೋ ನಿನ್ನ, ಯಾರು ನಿನಗೆ ಎದ್ದು ಬಾ ಅಂದವರು, ದೊಡ್ಡ ನರ್ಸು ಹಿಂದಿನಿಂದ ಬಂದು ತೋಳು ಹಿಡಿದುಕೊಂಡಳು, ಅವಳ ಇನ್ನೊಂದು ಕೈಯಲ್ಲಿ ಕಾರಿಡಾರಿನಲ್ಲಿ ಬಿದ್ದಿದ್ದ ಚಪ್ಪಲಿ, ಬೈಯುತ್ತಲೇ ಇದ್ದಾಳೆ, ಮಾತು ಕಿವಿಗೆ ಬೀಳುತ್ತಿದೆ, ತಲೆಗೆ ಇಳಿಯುತ್ತಿಲ್ಲ, ಏಳು, ಏಳು, ಅಂತ ಬೆರಳು ಎತ್ತಿ ತೋರಿಸುತ್ತಿದ್ದಾಳೆ, ಏಳನೇ ಪೆಟ್ಟಿಗೆಯಲ್ಲಿದ್ದಾಳೆ ನಿನ್ನ ಮಗಳು, ಬೆಳಗಿನ ಜಾವದಿಂದ ಇದರ ಹೀಟರು ಕೂಗ್ತಾನೇ ಇತ್ತು, ಮಗೂನ ಏಳಕ್ಕೆ ಹಾಕಿದ್ವಿ, ಇದು ರಿಪೇರಿಗೆ, ಅರ್ಥ ಆಯ್ತಾ, ರಿಪೇರಿ. ರಿಪೇರಿ. ರಿಪೇರಿಗೆ ಹೋಗುವ ಯಾವ ಸಾಮಾನಾದರೂ ಸರಿ, ಮೆಕ್ಯಾನಿಕ್ ಮುಟ್ಟುವ ಮುಂಚೆ ಕೊನೆಯ ಕೋಣೆಯಲ್ಲಿ ಒರೆಸಿಡಬೇಕು, ಅದೂ ಅವಳಿಗೆ ಗೊತ್ತಿದ್ದದ್ದೇ, ಎಷ್ಟು ಪಂಪು, ಎಷ್ಟು ದೀಪದ ಸ್ಟ್ಯಾಂಡು ಒರೆಸಿಟ್ಟಿಲ್ಲ ಅವಳು, ಹೆದರಿಕೆ ಅದೊಂದನ್ನು ಪೂರ್ತಿ ನುಂಗಿ ಹಾಕಿತ್ತು. ಗಾಲಿ ಕುರ್ಚಿ ಬಂತು, ವಾರ್ಡಿನ ಬೆಳಕು, ಆರು ದಾಟಿತು, ಏಳು, ನರ್ಸು ನಿಲುವಂಗಿ ಸಡಿಲಿಸಿ ಎದೆಯ ಮೇಲೆ ಏನನ್ನೋ ಇಟ್ಟಳು, ಬೆಚ್ಚಗಿದೆ, ತೂಕವೇ ಇಲ್ಲ, ಉಸಿರಾಡುತ್ತಿದೆ, ಹೌದು ಉಸಿರಾಡುತ್ತಿದೆ, ತಂತಿಗಳು, ಬಿಳಿ ಟೋಪಿ, ಟೋಪಿಯ ಕೆಳಗೆ ಮುಖ, ಇದು ಮುಖ, ನಡುವೆ ಮೂಗು, ಅಗಲ, ತುದಿ ಸ್ವಲ್ಪ ಮೇಲಕ್ಕೆ, ಅಮ್ಮಾ, ನಿಂದೇ ಕಣಮ್ಮ, ಸುಳ್ಳಲ್ಲ, ನಿಂದೇ ಮೂಗು. ಕಣ್ಣೀರು ಟೋಪಿಯ ಮೇಲೆ ಬೀಳುತ್ತಿದೆ, ಮಗಳೇ, ಬಂದೆಯಾ, ಇದ್ದೀಯಾ, ನನ್ನ ಮಗಳು ಇದ್ದಾಳೆ, ಮಗಳ ಕೈ ಎದೆಯ ಮೇಲೆ ತೆರೆದುಕೊಂಡಿತು, ಹುಣಸೆಬೀಜದಷ್ಟು ಅಂಗೈ, ಐದು ಬೆರಳು, ಒತ್ತಿದೆ, ಗುರುತು ಬೀಳುವಷ್ಟು ಒತ್ತಿದೆ — ಅವತ್ತಿನ ಗುರುತು ಒಂದು ಸಲಕ್ಕೆ ಹೋಗಲಿಲ್ಲ, ನಾನೇ ಎರಡು ಸಲ ತಿಕ್ಕಿದೆ, ಆ ಹೆಂಗಸಿಗೂ ಚಪ್ಪಲಿ ಕಾರಿಡಾರಿನಲ್ಲೇ ಕಳಚಿತ್ತು, ಅವಳೂ ಓಡಿಬಂದಿದ್ದಳು, ಅವಳ ಹಿಂದೆ ಚಪ್ಪಲಿ ಹಿಡಿದುಕೊಂಡು ಏಳು ಅನ್ನುತ್ತ ಯಾರೂ ಬರಲಿಲ್ಲ, ಮೂರು ಸಲ ಕೇಳಿದಳು, ಏನು ಕೇಳಿದಳು ಅಂತ ಇವತ್ತು ಗೊತ್ತಾಯಿತು. ಎಲ್ಲಿ ನಮ್ಮ ಒದ್ದೆ ನೆಲ, ಈ ಕಡೆ ನೋಡು, ನರ್ಸು ಫೋನು ಎತ್ತಿ ಹಿಡಿದಿದ್ದಾಳೆ, ಮನೆಯವರಿಗೆ ಕಳಿಸುವಿಯಂತೆ, ಮೊದಲನೇ ಫೋಟೋ, ನಗು, ಸ್ವಲ್ಪ ನಗು, ಮಗಳು ಬಂದಿದ್ದಾಳೆ ನಗಬಾರದೇನೇ, ಅನ್ನುತ್ತಿದ್ದಾಳೆ, ನಗಬೇಕು, ಅಮ್ಮ ಕಾಯುತ್ತಿರುತ್ತಾಳೆ, ತುಟಿ ಎಳೆದರೆ ಸಾಕು, ಎಳೆಯಲು ಹೋದಳು, ತುಟಿ ಏಳಲಿಲ್ಲ, ಕಣ್ಣೊಳಗೆ ಕೊನೆಯ ಕೋಣೆಯ ಬಾಗಿಲು ತೆರೆದಿದೆ, ಒಬ್ಬಳು ಹೊಟ್ಟೆ ಹಿಡಿದುಕೊಂಡು ನಿಂತಿದ್ದಾಳೆ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ನಗು ಅನ್ನುತ್ತಿದ್ದಾಳೆ ನರ್ಸು, ಬರಿಗಾಲು, ಒದ್ದೆ ನೆಲದ ಮೇಲೆ ಆ ಬರಿಗಾಲು