ಜಾಹಿದಾಳ ಬಾವಲಿಗಳು

ಬಾವಲಿಗಳ ಮೇಲಿನ ಸಂಶೋಧನೆಗೆ ಜಾಹಿದಾಳಿಗೆ ಡಾಕ್ಟರೇಟ್ ಬಂದಾಗ, ಅವಳ ಗೈಡು ಮೂರು ಹಳೆಯ ಚಿತ್ರಗಳನ್ನು ಉಡುಗೊರೆಯಾಗಿ ಕೊಟ್ಟರು. ಎಂದೋ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಅವರಿಗೆ ಸಿಕ್ಕಿದ್ದವು. ನೂರು ವರ್ಷಕ್ಕೂ ಹಿಂದೆ ವಿಲಾಯಿತಿಯಲ್ಲಿ ಅಚ್ಚಾದ ಹಾಳೆಗಳು; ಅಚ್ಚಿನ ಮೇಲೆ ಯಾರೋ ಕೂತು ಕುಂಚದಿಂದ ಬಣ್ಣ ತುಂಬಿದ್ದರು. ಒಂದರಲ್ಲಿ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದ ದೊಡ್ಡ ಬಾವಲಿ, ಇನ್ನೊಂದರಲ್ಲಿ ಹಾಗೆಯೇ ನೇತಾಡುತ್ತ ಮರಿಯನ್ನು ಎದೆಗವಚಿಕೊಂಡ ತಾಯಿ, ಮೂರನೆಯದರಲ್ಲಿ ರೆಕ್ಕೆ ಬಿಚ್ಚಿದ ಪುಟ್ಟ ಬಾವಲಿ. ಪ್ರತಿ ಚಿತ್ರದ ಕೆಳಗೂ ಅದರ ಲ್ಯಾಟಿನ್ ಹೆಸರು.

ಅದು ಎಂಬತ್ಮೂರನೇ ಇಸವಿ. ಆರ್.ಟಿ. ನಗರದ ಹೊಸ ಮನೆಯ ಹಾಲಿನಲ್ಲಿ ಒಂದು ಗೋಡೆ ಖಾಲಿಯಿತ್ತು. ಚಿತ್ರಗಳಿಗೆ ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಬೇಕು, ಅಷ್ಟೇ ಅವಳ ಆಸೆ. ಕಾಲೇಜಿನಲ್ಲಿ ಎಪ್ಪತ್ತು ಹುಡುಗಿಯರಿಗೆ ಪ್ರಾಣಿಶಾಸ್ತ್ರ ಕಲಿಸುವವಳಿಗೆ ಇದೊಂದು ಕೆಲಸವೇ?

ಗಂಡ ವಹಾಬನಿಗೆ ಯಶವಂತಪುರದಲ್ಲಿ ಪ್ಲೈವುಡ್ ಅಂಗಡಿ. ಪಕ್ಕದಲ್ಲೇ ತ್ರಿವಿಕ್ರಮನ ಫೋಟೋ ಫ್ರೇಮ್ ಅಂಗಡಿ. "ಕೊಡು, ನಾನ್ ಮಾಡಿಸ್ಕೊಂಡು ಬರ್ತೀನಿ," ಅಂದ ವಹಾಬ್. ವಾರದ ಮೇಲೆ ತಂದ. ಬಿಚ್ಚಿ ನೋಡಿದರೆ ಎರಡು ಬಾವಲಿಗಳು ಕೊಂಬೆಯ ಮೇಲೆ ಕಾಲೂರಿ ಕೋಳಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಹೆಸರುಗಳು ಮೇಲ್ಗಡೆ, ತಲೆಕೆಳಗಾಗಿ.

ಜಾಹಿದಾ ಮರುದಿನವೇ ಕಾಲೇಜಿನಿಂದ ನೇರ ಬಸ್ಸು ಹತ್ತಿ ಯಶವಂತಪುರಕ್ಕೆ ಹೋದಳು.

"ಅಚ್ಚು ಹಾಕಿದೋನು ಉಲ್ಟಾ ಹಾಕ್ಬಿಟ್ಟಿದ್ದ ಮೇಡಂ, ನಾನು ಸರಿ ಮಾಡ್ದೆ," ಅಂದ ತ್ರಿವಿಕ್ರಮ, ಹೊಗಳಿಕೆಗೆ ಕಾಯುವವನಂತೆ.

"ಬಾವಲಿ ಇರೋದೇ ಹಾಗಲ್ವೇನ್ರೀ! ಅಕ್ಷರ ತಲೆಕೆಳಗಾಗಿದ್ದು ಕಾಣಿಸ್ಲಿಲ್ವಾ?"

"ಅದನ್ಯಾರು ಓದ್ತಾರೆ ಮೇಡಂ? ಇಂಗ್ಲಿಷೂ ಅಲ್ಲ."

ತಿಳಿಸಿ ಹೇಳಿ, ಇನ್ನೊಮ್ಮೆ ಹೇಳಿ, ತೂಗುಹಾಕುವ ಕೊಂಡಿ ಯಾವ ಕಡೆ ಹೊಡೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ ಬಂದಳು. ಶನಿವಾರ ತರಲು ಹೋದಾಗ ಕೊಂಡಿಗಳೇನೋ ಸರಿಯಾಗಿದ್ದವು. ಆದರೆ ತಾಯಿ ಬಾವಲಿಯ ಕೆಳಗೆ ಹೆಸರೇ ಇರಲಿಲ್ಲ. ಆ ಅಂಚನ್ನು ತ್ರಿವಿಕ್ರಮ ಕತ್ತರಿಸಿಬಿಟ್ಟಿದ್ದ.

"ನೀವು ಅಕ್ಷರದ್ದೇ ಗಲಾಟೆ ಮಾಡಿದ್ರಲ್ಲ ಮೇಡಂ. ಇಲ್ದೇ ಇದ್ರೆ ತೊಂದ್ರೇನೇ ಇಲ್ಲ ಅಂತ..."

ಜಾಹಿದಾಳ ಮುಖ ನೋಡಿ ಅವನಿಗೆ ಗಾಬರಿಯಾಯಿತು. ಕಸದ ಡಬ್ಬವನ್ನೇ ನೆಲಕ್ಕೆ ಸುರಿದು, ರಟ್ಟಿನ ಚೂರುಗಳ ನಡುವೆ ಕೆದಕಿ, ಆ ಪಟ್ಟಿಯನ್ನು ಹುಡುಕಿ ಕೊಟ್ಟ. ಅವಳು ಅಲ್ಲೇ ನಿಂತು, ಅವನ ಕೈಯಿಂದ ಅಂಟು ಕಿತ್ತುಕೊಂಡು, ತಾನೇ ಅದನ್ನು ಅಂಟಿಸಿದಳು. ಸಣ್ಣ ಗೆರೆಯೊಂದು ಉಳಿದೇ ಹೋಯಿತು.

ಇಷ್ಟಾಗಿ ಮನೆಗೆ ತಂದು ಮೊಳೆ ಹೊಡೆಯಲು ಸುತ್ತಿಗೆ ಎತ್ತಿದಳೋ ಇಲ್ಲವೋ, ಅತ್ತೆ ಸಬೀರಾ ಒಳಗಿನಿಂದ ಬಂದರು.

"ಬೇಟಿ, ನಾನು ನಮಾಜ್ ಮಾಡೋದು ಈ ಹಾಲಲ್ಲೇ ಅಲ್ವಾ? ಜೀವ ಇರೋದರ ಚಿತ್ರ ಇದ್ದ ಕಡೆ ಫರಿಶ್ತೆಗಳು ಬರಲ್ಲ." ದೇವದೂತರು ಬಾರದ ಮನೆಯಲ್ಲಿ ತಾನು ಹೇಗಿರಲಿ ಎಂಬ ದಿಗಿಲು ಅವರ ದನಿಯಲ್ಲಿತ್ತು.

ಜಾಹಿದಾ ಗಂಡನ ಕಡೆ ನೋಡಿದಳು. "ಅಮ್ಮಿ ಹೇಳೋದೂ ಸರಿ," ಅಂದ ವಹಾಬ್. "ನೀನು ಹೇಳೋದೂ ಸರಿ."

"ನಾನಿನ್ನೂ ಏನೂ ಹೇಳೇ ಇಲ್ಲ!"

ಎದುರು ಮನೆಯ ಕೌಸಲ್ಯಾ ಸುತ್ತಿಗೆ ಕಂಡು ಒಳಗೆ ಬಂದವರು, "ಬಾವಲೀನಾ? ಮನೆಗೆ ಆಗಿಬರಲ್ಲ ಕಣ್ರೀ. ಜಲಪಾತದ್ದೋ ಹಂಸದ್ದೋ ಹಾಕ್ಕೊಳ್ಳಿ," ಎಂದು ಸಲಹೆ ಕೊಟ್ಟು ಹೋದರು.

ಎರಡು ದಿನ ಚಿತ್ರಗಳು ಗೋಡೆಗೆ ಮುಖ ಮಾಡಿಕೊಂಡು ಮಂಚದ ಪಕ್ಕ ಕೂತವು. ಮೂರನೇ ದಿನ ಸಬೀರಾ ತಾವೇ ದಾರಿ ಹುಡುಕಿದರು.

"ಬಚ್ಚಲುಮನೆ ಪಕ್ಕ ಗೋಡೆ ಖಾಲಿ ಇದೆಯಲ್ಲ. ಆ ಕಡೆಗೆ ಹೇಗೂ ಫರಿಶ್ತೆಗಳು ಬರಲ್ಲ."

"ವ್ಹಾ, ಒಳ್ಳೇ ಐಡಿಯಾ!" ಎಂದ ವಹಾಬ್.

ಜಾಹಿದಾಳ ತಾಳ್ಮೆಯ ಕಟ್ಟೆ ಆಗ ಒಡೆಯಿತು. "ಅಲ್ಲಿ ಹಬೆ ಹೊಡೆದು ಒಂದು ಮಳೆಗಾಲದಲ್ಲೇ ಬೂಷ್ಟು ಹಿಡಿಯುತ್ತೆ! ಆರು ವರ್ಷ ಪಾಳು ಗುಡಿ, ಹಾಳು ಬಾವಿ ಅಂತ ಟಾರ್ಚ್ ಹಿಡಿದು ಇಳಿದಿದ್ದೀನಿ. ಮೈಯೆಲ್ಲ ಹಿಕ್ಕೆ ವಾಸನೆ ಹೊತ್ತು ಬರ್ತಿದ್ದೆ. ಆ ಬಟ್ಟೆ ಬೇರೆ ಬಕೆಟ್‌ನಲ್ಲಿ ನೆನೆಸಿ ಒಗೀತಿದ್ದೋರು ನೀವೇ ಅಲ್ವಾ ಅಮ್ಮಿ? ಒಂದು ದಿನ ಬೈಲಿಲ್ಲ. ಈಗ ಕಾಗದದ ಬಾವಲಿಗೆ ಗೋಡೆ ಇಲ್ವಾ?"

ಹೇಳಿದ ಮೇಲೆ ಅವಳಿಗೇ ಕಣ್ಣು ತುಂಬಿತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಸಬೀರಾ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಮರುದಿನ ಅವಳು ಕಾಲೇಜಿನಿಂದ ಬರುವಾಗ ಹೊಲಿಗೆ ಮಿಷನ್ನಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಸಬೀರಾ ಹಳೆಯ ಹಸಿರು ದುಪಟ್ಟಾದಿಂದ ಉದ್ದನೆಯ ಪರದೆ ಹೊಲಿಯುತ್ತಿದ್ದರು.

"ನಮಾಜಿನ ಹೊತ್ತಿಗೆ ಎಳ್ಕೋತೀನಿ. ಮಿಕ್ಕ ಹೊತ್ತು ನಿನ್ನಿಷ್ಟ. ಮೌಲ್ವಿ ಸಾಹೇಬರನ್ನ ಕೇಳೋಕೆ ಹೋಗ್ಲಿಲ್ಲ, ಅವರು ಬೇಡ ಅಂದ್ರೆ?" ಎಂದರು ತಲೆಯೆತ್ತದೆ.

ಚಿತ್ರಗಳು ಹಾಲಿನ ಗೋಡೆ ಹತ್ತಿದವು. ಇನ್ನು ತಲೆನೋವು ಮುಗಿಯಿತು ಎಂದುಕೊಂಡಳು ಜಾಹಿದಾ. ಮುಗಿಯಲಿಲ್ಲ. ಬರಿಯ ಬಾವಲಿಗಳಾಗಿದ್ದರೆ ಬಂದವರು ಒಮ್ಮೆ ಮುಖ ಸಿಂಡರಿಸಿ ಸುಮ್ಮನಾಗುತ್ತಿದ್ದರೇನೋ. ಪರದೆ ಎಳೆದ ಗೋಡೆ ಕಂಡರೆ ಯಾರಿಗೆ ತಡೆದೀತು? ಗ್ಯಾಸಿನವನು ಕೇಳಿದ, ಅಬ್ಬಿಗೆರೆಯಿಂದ ಬಂದ ನೆಂಟರು ಕೇಳಿದರು. ಹಂಸ ಹಾಕಿ ಎಂದಿದ್ದ ಕೌಸಲ್ಯಾ ತಮ್ಮ ಮನೆಗೆ ಬಂದವರನ್ನೂ ಕರೆತರತೊಡಗಿದರು. ಪ್ರತಿ ಸಲವೂ ಸಬೀರಾ ಎದ್ದು, ಮಗ್ಗುಲಿಗೆ ನಿಂತು, ಪರದೆ ಸರಿಸಿ ತೋರಿಸುತ್ತಿದ್ದರು.

ಒಂದು ಭಾನುವಾರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಜಾಹಿದಾಳಿಗೆ ಹಾಲಿನಿಂದ ಅತ್ತೆಯ ದನಿ ಕೇಳಿಸಿತು.

"ನೋಡಿ, ಇದು ತಾಯಿ. ಮರೀನ ಎತ್ಕೊಂಡೇ ಹಾರುತ್ತೆ. ಪಾಪ, ಇವಕ್ಕೆ ಕಣ್ಣೇ ಕಾಣಲ್ಲ."

"ಕಾಣುತ್ತೆ ಅಮ್ಮಿ! ಚೆನ್ನಾಗೇ ಕಾಣುತ್ತೆ!" ಎಂದು ಅವಳು ಕೂಗಿದಳು.

"ಮೊಟ್ಟೆ ಇಡುತ್ತಂತೆ, ಹೌದಾ?" ಕೌಸಲ್ಯಾರ ದನಿ.

"ಹ್ಞೂಂ, ಎರಡೇ ಎರಡು. ನಮ್ಮ ಸೊಸೆ ಇದನ್ನೇ ಓದಿರೋದು. ಎಲ್ಲಾ ಅವಳೇ ಹೇಳಿದ್ದು."

ಜಾಹಿದಾ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಹಾಲಿನತ್ತ ನಡೆದಳು.